ದಾರಿ ಯಾರಿಗಾಗಿ?

ವಿದೇಶ ಪ್ರವಾಸ ಮುಗಿಸಿ ಬಂದವರನ್ನು ಎಲ್ಲರೂ ಮೊದಲು ಕೇಳುವುದು ‘ಏನೇನು ನೋಡಿದಿರಿ?’ ಎಂದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಮನೆಮಂದಿಯೆಲ್ಲ ಕಾರಿನಲ್ಲಿ ಸುತ್ತಿ ಬಂದ ನಮ್ಮಲ್ಲಿ ಹೇಳಲು ಬೇಕಾದಷ್ಟಿದೆ: ಹಾಲು ಬೆರೆಸಿದಂಥ ನೀಲಿಯ ಟೆಕಾಪೊ ಸರೋವರ, ಮಿಲ್ಫರ್ಡ್ ಸೌಂಡಿನ ಜಲಪಾತಗಳು, ಆರ್ಥರ್ಸ್ ಪಾಸಿನಲ್ಲಿ ಕಾರಿನ ಕಿಟಕಿಯ ರಬ್ಬರು ಕೀಳಲು ಬರುವ ಕೀಯಾ ಗಿಣಿಗಳು. ಆದರೆ ಪ್ರವಾಸದ ಕೊನೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆಯೇ ಒಂದು ಸಂಗತಿ. ಅಮ್ಮ ದಾರಿಯುದ್ದಕ್ಕೂ ನಿಶ್ಚಿಂತೆಯಿಂದ ನೀರು ಕುಡಿದಳು.

ಇದರ ಮಹತ್ವವನ್ನು ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ. ದೂರದ ಊರಿಗೆ ಹೊರಡುವ ಮುಂಚೆ ನೀರು ಕುಡಿಯದಿರುವುದು, ಹೊರಟ ಮೇಲೆ ಬಾಟಲಿ ಮುಟ್ಟದಿರುವುದು ನಮ್ಮಲ್ಲಿ ತಾಯಿಯಿಂದ ಮಗಳಿಗೆ ಬಂದ ಅಭ್ಯಾಸ. ಗಂಡಸರು ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮರದ ಮರೆಗೆ ಹೋಗುತ್ತಾರೆ. ಹೆಂಗಸರು ಮುಂದಿನ ಹೋಟೆಲು ಬರಲಿ, ಮುಂದಿನ ಪೆಟ್ರೋಲ್ ಬಂಕು ಬರಲಿ ಎಂದು ತಡೆದುಕೊಂಡು ಕೂರುತ್ತಾರೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ಮಂಡಿನೋವಿನ ವೃದ್ಧರಿಗಂತೂ ಪ್ರಯಾಣವೆಂದರೆ ಆತಂಕ. ಎಷ್ಟೋ ಅಜ್ಜಿಯರು ‘ನೀವೆಲ್ಲ ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರ್ತೀನಿ’ ಎನ್ನುವುದರ ಹಿಂದೆ ಈ ಹೇಳಿಕೊಳ್ಳಲಾಗದ ಕಾರಣವಿರುತ್ತದೆ. ಆದ್ದರಿಂದಲೇ ರಸ್ತೆಯೊಂದರ ಯೋಗ್ಯತೆಯನ್ನು ಅದರಲ್ಲಿ ಎಷ್ಟು ವೇಗವಾಗಿ ಹೋಗಬಹುದು ಎಂದು ಅಳೆದರೆ ಸಾಲದು, ಯಾರೆಲ್ಲ ಹೋಗಬಹುದು ಎಂದೂ ಅಳೆಯಬೇಕು ಎನ್ನುತ್ತೇನೆ.

ದಕ್ಷಿಣ ದ್ವೀಪದ ಹೆದ್ದಾರಿಗಳು ಬಹುಪಾಲು ಎರಡೇ ಪಥದವು. ವೇಗಮಿತಿ ಗಂಟೆಗೆ 100 ಕಿ.ಮೀ. ಪಶ್ಚಿಮ ಕರಾವಳಿಯ ದಾರಿಯಲ್ಲಿ ಒಂದೇ ವಾಹನ ದಾಟಬಹುದಾದ ಕಿರುಸೇತುವೆಗಳು ಇಂದಿಗೂ ಹಲವಿವೆ. ಸೇತುವೆಗೆ ಮುನ್ನ ಎರಡು ಬಾಣಗಳ ಫಲಕವಿರುತ್ತದೆ. ಚಿಕ್ಕ ಕೆಂಪು ಬಾಣ ಯಾರು ಸಾಗುವ ದಿಕ್ಕನ್ನು ತೋರುತ್ತದೆಯೋ ಅವರು ನಿಂತು ಎದುರಿನವರಿಗೆ ದಾರಿ ಬಿಡಬೇಕು. ನಾವು ನಿಂತಾಗ ದಾಟಿ ಬಂದವರು ಸ್ಟೀರಿಂಗಿನಿಂದ ಬೆರಳೆತ್ತಿ ಕೃತಜ್ಞತೆ ತಿಳಿಸಿ ಮುಂದೆ ಹೋಗುತ್ತಿದ್ದರು. ಇಷ್ಟು ಸಾಧಾರಣ ದಾರಿಯಲ್ಲೂ ಶೌಚಾಲಯಕ್ಕೆ ಪರದಾಡಬೇಕಾಗಲಿಲ್ಲ. ಹಾಸ್ಟ್ ಕಡೆಯ ಕಾಡಿನಲ್ಲಿ, ಹತ್ತಿರ ಊರೇ ಇಲ್ಲದ ಜಾಗದಲ್ಲಿ ನಾವು ಬಳಸಿದ ಶೌಚಾಲಯ ಬರೀ ಗುಂಡಿಯದು. ಆದರೂ ಒಳಗೆ ಕಾಗದವಿತ್ತು, ಬಾಗಿಲಿಗೆ ಗಟ್ಟಿ ಚಿಲಕವಿತ್ತು, ಮಂಡಿ ಬಗ್ಗದವರು ಹಿಡಿದು ಏಳಲು ಗೋಡೆಯಲ್ಲಿ ಕಂಬಿಯಿತ್ತು. ಹೊರಗೆ ಕುಳಿತು ಬುತ್ತಿ ಬಿಚ್ಚಲು ಮರದ ಮೇಜು. ಬಾಗಿಲಲ್ಲಿ ದುಡ್ಡು ಕೇಳುವವರಿರಲಿಲ್ಲ. ಉತ್ತರ ದ್ವೀಪದ ಕವಕವ ಎಂಬ ಪುಟ್ಟ ಪಟ್ಟಣದಲ್ಲಂತೂ ಆಸ್ಟ್ರಿಯಾ ಮೂಲದ ಪ್ರಸಿದ್ಧ ಕಲಾವಿದ ಹುಂಡರ್ಟ್‌ವಾಸರ್ ವಿನ್ಯಾಸ ಮಾಡಿದ, 1999ರಲ್ಲಿ ತೆರೆದ ಸಾರ್ವಜನಿಕ ಶೌಚಾಲಯವನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ.

‘ಅಲ್ಲಿ ಜನ ಕಡಿಮೆ, ದುಡ್ಡು ಜಾಸ್ತಿ, ಶಿಸ್ತು ರಕ್ತದಲ್ಲೇ ಇದೆ’ ಎಂದು ಹೇಳುವವರಿದ್ದಾರೆ. ದುಡ್ಡಿನ ಮಾತು ಒಪ್ಪೋಣ. ಆದರೆ ದಕ್ಷಿಣ ದ್ವೀಪದ ಒಂದೂವರೆ ಲಕ್ಷ ಚದರ ಕಿ.ಮೀ.ನಲ್ಲಿ ಇರುವವರು ಸುಮಾರು 12 ಲಕ್ಷ ಮಂದಿ. ಅಂಥ ಕಡೆ ಗಂಟೆಗೆ ನಾಲ್ಕು ಕಾರು ನಿಲ್ಲುವ ಜಾಗದ ಶೌಚಾಲಯವನ್ನೂ ಯಾರೋ ಹೋಗಿ ತೊಳೆದು ಬರಬೇಕು; ತಲಾ ಲೆಕ್ಕದಲ್ಲಿ ಅದು ದುಬಾರಿ. ದಿನವಿಡೀ ವಾಹನ ಹರಿಯುವ, ಟೋಲ್ ಕಟ್ಟಿಸಿಕೊಳ್ಳುವ ನಮ್ಮ ಹೆದ್ದಾರಿಗಳಲ್ಲಿ ಅದೇ ಖರ್ಚು ಸಾವಿರಾರು ಜನರ ಮೇಲೆ ಹಂಚಿಹೋಗುತ್ತದೆ. ಇನ್ನು ಶಿಸ್ತು ರಕ್ತದಿಂದ ಬಂದದ್ದಲ್ಲ. ಕಂಡಕಂಡಲ್ಲಿ ತಂಗಿ ಹೊಲಸು ಮಾಡುವವರ ಕಾಟ ತಾಳಲಾರದೆ ಅಲ್ಲಿಯೂ 2011ರಲ್ಲಿ ಕಾಯ್ದೆ ತಂದು ದಂಡ ವಿಧಿಸಬೇಕಾಯಿತು. ಹೊರದೇಶದ ಪ್ರವಾಸಿಗರಿಂದ 2019ರಿಂದ ಸುಂಕ ವಸೂಲು ಮಾಡಿ ಪ್ರಕೃತಿ ರಕ್ಷಣೆಗೂ ಪ್ರವಾಸಿ ಸೌಕರ್ಯಕ್ಕೂ ಬಳಸುತ್ತಾರೆ. 2024ರಲ್ಲಿ ಅದನ್ನು 35 ಡಾಲರ್‌ನಿಂದ 100 ಡಾಲರ್‌ಗೆ ಏರಿಸಿದರು. ನಿಯಮ, ಹಣ, ನಿತ್ಯದ ನಿರ್ವಹಣೆ ಈ ಮೂರೂ ಕೂಡಿದರೆ ಶಿಸ್ತು ತಾನಾಗಿ ಬರುತ್ತದೆ.

ದಾರಿಹೋಕರ ಕಾಳಜಿ ನಮಗೇನೂ ಪರದೇಶದ ಪಾಠವಲ್ಲ. ತಲೆಹೊರೆ ಹೊತ್ತವರು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಏರಿಸಿಕೊಳ್ಳಲೆಂದು ಆಳೆತ್ತರಕ್ಕೆ ನಿಲ್ಲಿಸಿದ ಹೊರೆಗಲ್ಲುಗಳು ನಮ್ಮ ಹಳೆಯ ದಾರಿಗಳಲ್ಲಿ ಈಗಲೂ ಕಾಣಸಿಗುತ್ತವೆ. ಅರವಟ್ಟಿಗೆ, ಛತ್ರ, ಸಾಲುಮರ ಇವೆಲ್ಲ ದಾರಿಯ ಭಾಗವೇ ಆಗಿದ್ದವು. ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳನ್ನು ನೀರು ಹೊತ್ತು ಬೆಳೆಸಿದ ತಿಮ್ಮಕ್ಕನನ್ನು ನಾಡು ಸಾಲುಮರದ ತಿಮ್ಮಕ್ಕ ಎಂದೇ ಕರೆಯಿತು. ಹೊಸ ದಾರಿಗಳಲ್ಲಿ ಆ ಕಾಳಜಿ ಹಿಂದೆ ಸರಿದಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 118 ಕಿ.ಮೀ. ದಾರಿಯ ಪ್ರಯಾಣವನ್ನು ಸುಮಾರು ಒಂದೂವರೆ ಗಂಟೆಗೆ ಇಳಿಸಿತು. ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೊರಗಿಂದಲೇ ಹಾದುಹೋಗುವ ಆ ರಸ್ತೆ ಹಳೆಯ ತಂಗುದಾಣಗಳನ್ನು ಕಳೆಯಿತು. ಉದ್ಘಾಟನೆಯ ಹೊತ್ತಿಗೆ ಹೊಸ ತಂಗುದಾಣಗಳು ಸಿದ್ಧವಾಗಿರಲಿಲ್ಲ. ವೇಗಕ್ಕೆ ಮೊದಲ ಮಣೆ, ಮನುಷ್ಯರ ಅಗತ್ಯ ಆಮೇಲೆ ಎಂಬ ಈ ಕ್ರಮ ತಲೆಕೆಳಗಾಗಿದೆ.

ಶೌಚಾಲಯ, ಕುಡಿಯುವ ನೀರು, ನೆರಳು ಇಲ್ಲದ ಹೆದ್ದಾರಿಯನ್ನು ಪೂರ್ಣಗೊಂಡಿದೆ ಎಂದು ಘೋಷಿಸಬಾರದು. ಅವುಗಳನ್ನು ದಿನವೂ ಶುಚಿಯಾಗಿಡುವವರಿಗೆ ಘನತೆಯ ಸಂಬಳ ಟೋಲಿನ ಹಣದಿಂದಲೇ ಸಲ್ಲಬೇಕು. ನಿಮ್ಮ ಜಿಲ್ಲೆಗೆ ಹೊಸ ರಸ್ತೆ ಬರುತ್ತಿದೆ ಎಂದು ಜನಪ್ರತಿನಿಧಿಗಳು ಹೇಳಿದಾಗ ಎಷ್ಟು ನಿಮಿಷ ಉಳಿಯುತ್ತದೆ ಎಂದು ಕೇಳುವ ಮೊದಲು, ಎಷ್ಟು ಕಿಲೋಮೀಟರಿಗೊಮ್ಮೆ ನಮ್ಮ ತಾಯಂದಿರು ಇಳಿಯಬಹುದು ಎಂದು ಕೇಳಿ.