ಕುಬಸದಾಗ ಬಣ್ಣದ ಮಾತು ಬ್ಯಾಡ್ರಿ

"ಅಮೆರಿಕಾದ ಕಪ್ಪು ಜನರ ಕಥಿ ಓದಿ ನಮಗೇನಾಗಬೇಕಾಗ್ಯದ? ನಮ್ಮ ಮನಿ ತಾಪತ್ರಯನ ಸಾಲದೇನು?" ಅಂತ ನಮ್ಮ ಪೈಕಿಯವರೊಬ್ಬರು ಕೇಳಿದ್ರು. ಕೇಳಿದ್ದು ತಪ್ಪಲ್ಲ. ಆದ್ರ ಟೋನಿ ಮಾರಿಸನ್ ಬರದ 'ದಿ ಬ್ಲೂಯೆಸ್ಟ್ ಐ' ಓದಿ ಮುಗಿಸಿದ ಮ್ಯಾಲೆ ನನ್ನ ಅಭಿಪ್ರಾಯ ಇಷ್ಟ: ಮನ್ಯಾಗ ಕೂಸು ಮಕ್ಕಳನ್ನ ಬೆಳಸೋ ಹೆಂಗಸರೆಲ್ಲಾ ಇದನ್ನ ಓದಬೇಕು.

ನಾ ಕಲ್ತದ್ದು ಪಿಯುಸಿ. ಡಿಕ್ಷನರಿ ಬಾಜೂಕ ಇಟ್ಕೊಂಡು, ಮಧ್ಯಾಹ್ನ ಕೆಲಸ ಮುಗದ ಮ್ಯಾಲೆ ದಿನಾ ನಾಕು ನಾಕು ಪುಟ ಓದಿದೆ.

ಮಾರಿಸನ್ ಹುಟ್ಟಿದ್ದು 1931ರಾಗ, ಒಹಾಯೊ ರಾಜ್ಯದ ಲೊರೇನ್ ಊರಾಗ. 1970ರಾಗ ಬಂದ ಈ ಕಾದಂಬರಿನೂ ಅದೇ ಊರಿಂದು. ಮುಂದ 1993ರಾಗ ಅವರಿಗೆ ನೊಬೆಲ್ ಬಂತು. ಕಥಿಯೊಳಗ ಪೆಕೋಲಾ ಅಂತ ಹನ್ನೊಂದು ವರ್ಷದ ಹುಡುಗಿ ದಿನಾ ರಾತ್ರಿ ದೇವರ ಹತ್ರ ನೀಲಿ ಕಣ್ಣು ಬೇಡ್ತಾಳ. ಕಣ್ಣು ನೀಲಿ ಆದ್ರ ತನ್ನನ್ನೂ ಪ್ರೀತಿ ಮಾಡ್ತಾರ ಅಂತ ಆಕಿ ನಂಬಿಕಿ. ಶರ್ಲಿ ಟೆಂಪಲ್ ಅನ್ನೋ ಬಿಳಿ ಬಾಲನಟಿ ಚಿತ್ರ ಇರೋ ಕಪ್ಪಿನ್ಯಾಗ ಹಾಲು ಕುಡಿಯೋದಂದ್ರ ಆಕಿಗೆ ಹುಚ್ಚು. ತಾಯಿ ಬಿಳಿಯರ ಮನ್ಯಾಗ ಕೆಲಸ ಮಾಡೋಕಿ. ಒಂದಿನ ಅಲ್ಲಿ ಪೆಕೋಲಾನ ಕೈ ತಾಗಿ ಬಿಸಿ ಬಿಸಿ ಹಣ್ಣಿನ ತಿಂಡಿ ಕೆಳಗ ಬಿದ್ದು ಆಕಿ ಕಾಲು ಸುಡತದ. ತಾಯಿ ಸುಟ್ಟ ಕಾಲು ನೋಡೋದಿಲ್ಲ. ಮಗಳಿಗೇ ಹೊಡದು, ಅಳ್ಲಿಕ್ಕತ್ತಿದ್ದ ಮಾಲಕರ ಮಗಳನ್ನ ರಮಸ್ತಾಳ. ಅದನ್ನ ಓದಿ ನಾ ಪುಸ್ತಕ ಮುಚ್ಚಿಟ್ಟು ಎದ್ದೆ.

ಇದು ಬರೇ ಕಥಿ ಅಲ್ಲ. ಮ್ಯಾಮಿ ಕ್ಲಾರ್ಕ್, ಕೆನೆತ್ ಕ್ಲಾರ್ಕ್ ಅಂತ ಮನಶ್ಶಾಸ್ತ್ರ ಕಲ್ತ ಗಂಡ ಹೆಂಡ್ತಿ, ಅವರೂ ಕಪ್ಪು ಜನರ, 1940ರ ಸುಮಾರಿಗೆ ಸಣ್ಣ ಕಪ್ಪು ಮಕ್ಕಳ ಮುಂದ ಗೊಂಬಿ ಇಟ್ರು. ಬಣ್ಣ ಒಂದು ಬಿಟ್ರ ಎಲ್ಲಾ ಒಂದೇ ನಮೂನಿ. ಚೊಲೋ ಗೊಂಬಿ ಯಾವುದು ಅಂತ ಕೇಳಿದ್ರ ಭಾಳ ಮಕ್ಕಳು ಬಿಳೇದನ್ನ ತೋರಿಸಿದ್ವು. 1954ರಾಗ ಅಲ್ಲಿನ ಸುಪ್ರೀಂ ಕೋರ್ಟ್, ಬಿಳಿ ಮಕ್ಕಳಿಗೊಂದು ಸಾಲಿ ಕಪ್ಪು ಮಕ್ಕಳಿಗೊಂದು ಸಾಲಿ ನಡಸೋದು ಸಂವಿಧಾನಕ್ಕ ವಿರುದ್ಧ ಅಂತ ತೀರ್ಪು ಕೊಟ್ಟಾಗ ಇದನ್ನೂ ಲೆಕ್ಕಕ್ಕ ತಗೊಂಡಿತ್ತು.

ಅವರದೂ ನಮ್ಮದೂ ಒಂದೇ ಅಂತ ನಾ ಅನ್ನೋದಿಲ್ಲ. ಅವರ ಹಿರಿಯರನ್ನ ಹಡಗಿನ್ಯಾಗ ತುಂಬಿ ತಂದು ದನ ಮಾರಿದಂಗ ಮಾರಿದ್ರು. ಕಾನೂನಿನ್ಯಾಗ ಗುಲಾಮಗಿರಿ ಮುಗದದ್ದು 1865ರಾಗ. ಆ ನೋವು ನಮ್ಮದೂ ಅಂತ ಹೇಳ್ಕೊಳ್ಳೋ ಹಕ್ಕು ನಮಗಿಲ್ಲ. ಖರೇ ಅಂದ್ರ ನಮ್ಮ ಬಾಜೂಕನ, ಹಳಿಯಾಳ, ಯಲ್ಲಾಪುರದ ಕಡೆ ಇರೋ ಸಿದ್ದಿ ಜನರ ಹಿರಿಯರೂ ಆಫ್ರಿಕಾದಿಂದ ಬಂದವರು, ಭಾಳ ಮಂದಿ ಗುಲಾಮರಾಗೇ ಬಂದವರು. ತಲತಲಾಂತರದಿಂದ ಇಲ್ಲೇ ಇದ್ದು ಕನ್ನಡ, ಕೊಂಕಣಿ ಮಾತಾಡೋರಿಗೆ "ನೀವು ಯಾವ ದೇಶದವರು?" ಅಂತ ಕೇಳೋರು ನಾವ.

ಆದ್ರ ಗೊಂಬಿ, ಹಾಲಿನ ಕಪ್ಪು, ತಾಯಿ ಬಾಯಿ ಮಾತು, ಇವು ನಮ್ಮ ಮನ್ಯಾಗೂ ಅವ. ಬರೋ ತಿಂಗಳು ನನ್ನ ತಂಗಿ ಸೊಸಿ ಕುಬಸ ಅದ. "ಕೇಸರಿ ಹಾಲು ಕುಡೀವಾ, ಕೂಸು ಬೆಳ್ಳಗ ಹುಟ್ಟತದ" ಅನ್ನೋರು ನಮ್ಮಾಗ ಹತ್ತು ಮಂದಿ ಇದ್ದಾರ. ಆಸೆಯಿಂದನ ಅಂತಾರ, ಕೆಟ್ಟ ಮನಸ್ಸಿಲ್ಲ. ಆದ್ರ ಆ ಹುಡುಗಿ ಬಣ್ಣ ಕಪ್ಪು. ಎಲ್ಲಾರ ನಡುವ ಕುರ್ಚಿ ಮ್ಯಾಲೆ ಕೂತ ಆಕಿಗೆ ಆ ಮಾತು ಎಲ್ಲಿ ನಾಟತದ ಅಂತ ವಿಚಾರ ಮಾಡ್ರಿ. ಕಣ್ಣು ಬಿಡೋಕಿಂತ ಮೊದಲ ಕೂಸಿಗೆ "ನಿಮ್ಮವ್ವನಂಗ ಹುಟ್ಟಬ್ಯಾಡ" ಅಂತ ಹೇಳಿದಂಗಲ್ಲೇನು?

ಕೇಸರಿ ಹಾಲು ಕೊಡ್ರಿ, ರುಚಿ ಇರತದ. ಹಸಿರು ಬಳಿ ಇಡಸ್ರಿ, ಹಾಡು ಹೇಳ್ರಿ. ಬಣ್ಣದ ಮಾತೊಂದು ಬ್ಯಾಡ.

ಪುಸ್ತಕ ಬೇಕಾದವರು ಕೇಳ್ರಿ, ಕೊಡ್ತೀನಿ. ಸಣ್ಣ ಹುಡುಗ್ಯಾರ ಕೈಯಾಗ ಕೊಡೋಕಿಂತ ಮೊದಲ ನೀವು ಓದ್ರಿ, ಅದರಾಗ ಭಾಳ ಕಠಿಣ ಸಂಗತಿಗಳೂ ಅವ.