ವೃಷಭಾವತಿಯ ಹೊಸ ಘಟಕಕ್ಕೆ ಅಳತೆಗೋಲು ಯಾವುದು?

ಕೊಳಚೆ ನೀರು ಶುದ್ಧೀಕರಣ ಘಟಕಕ್ಕೂ ಆಯುಸ್ಸೆಂಬುದಿದೆ. ಕಾಂಕ್ರೀಟಿನ ತೊಟ್ಟಿಗಳು ಕೆಲವು ದಶಕ ಬಾಳಿದರೂ ಪಂಪು, ಕೊಳವೆ, ಗಾಳಿಯೂದುವ ಯಂತ್ರಗಳು ಅದಕ್ಕಿಂತ ಬಹಳ ಮೊದಲೇ ಸವೆಯುತ್ತವೆ. ಬೆಂಗಳೂರಿನ ಮೈಸೂರು ರಸ್ತೆಯ ಮಗ್ಗುಲಲ್ಲಿ 1970ರ ದಶಕದಲ್ಲಿ ತಲೆಯೆತ್ತಿ, ಮುಂದೆ 180 ಎಂಎಲ್‌ಡಿ ಸಾಮರ್ಥ್ಯಕ್ಕೆ ಬೆಳೆದ ವೃಷಭಾವತಿ ಕಣಿವೆಯ ಘಟಕವು ಹೀಗೆ ಮುಪ್ಪಾದವುಗಳಲ್ಲಿ ಮುಖ್ಯವಾದುದು. ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಹಳೆಯ ಘಟಕವನ್ನು ಬದಲಿಸುವ ಪ್ರಸ್ತಾಪ ಬಂದಾಗಲೆಲ್ಲ ಚರ್ಚೆ ಈ ಎಂಎಲ್‌ಡಿ ಅಂಕಿಯಲ್ಲಿಯೇ ಮುಗಿದುಹೋಗುತ್ತದೆ. ಆದರೆ ಅದು ಒಳಗೆ ಬರುವ ನೀರಿನ ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು ಹೊರಗೆ ಹೋಗುವ ನೀರಿನ ಗುಣವನ್ನಲ್ಲ.

ಹಳೆಯ ಘಟಕವು ಜಿನುಗು ಸೋಸುವಿಕೆಯ ಪದ್ಧತಿಯದು. ಕಲ್ಲಿನಂತಹ ಗಟ್ಟಿ ಹಾಸಿನ ಮೇಲೆ ಕೊಳಚೆಯನ್ನು ಚಿಮುಕಿಸಿದಾಗ ಆ ಹಾಸಿಗೆ ಅಂಟಿಕೊಂಡ ಲೋಳೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಸಾವಯವ ಕಲ್ಮಶವನ್ನು ತಿಂದು ಅರಗಿಸುತ್ತವೆ. ವಿದ್ಯುತ್ತನ್ನು ಹೆಚ್ಚು ಬೇಡದ, ತನ್ನ ಕಾಲಕ್ಕೆ ತಕ್ಕುದಾದ ವಿಧಾನವಿದು. ಆದರೆ ಇದರ ಗುರಿಯಿದ್ದದ್ದು ಬಿಒಡಿಯನ್ನು, ಎಂದರೆ ಕಲ್ಮಶ ಕೊಳೆಯುವಾಗ ನೀರಿನಿಂದ ಹೀರಿಕೊಳ್ಳುವ ಆಮ್ಲಜನಕದ ಪ್ರಮಾಣವನ್ನು, ತಗ್ಗಿಸುವುದಷ್ಟೇ. ಮಲಮೂತ್ರದಿಂದಲೂ ಮಾರ್ಜಕಗಳಿಂದಲೂ ಬರುವ ರಂಜಕವು ಬಹುಪಾಲು ಹಾಗೆಯೇ ದಾಟಿಹೋಗಿ, ಕೆಳಗಿನ ಕೆರೆಗಳಲ್ಲಿ ಪಾಚಿಗೂ ಅಂತರಗಂಗೆಗೂ ಗೊಬ್ಬರವಾಗುತ್ತದೆ.

ರಂಜಕವನ್ನು ತೆಗೆಯಬೇಕಾದರೆ ಕೊಳಚೆಯು ಮೊದಲು ಆಮ್ಲಜನಕವಿಲ್ಲದ ಕೋಣೆಯನ್ನೂ ಅನಂತರ ಗಾಳಿಯೂದುವ ಕೋಣೆಯನ್ನೂ ಹಾದುಬರಬೇಕು, ಇಲ್ಲವೇ ಅದಕ್ಕೆ ರಾಸಾಯನಿಕ ಬೆರೆಸಬೇಕು. ಆ ಕೋಣೆಗಳಿಗೆ ನಕ್ಷೆ ಬರೆಯುವಾಗಲೇ ಜಾಗ ಬಿಡದಿದ್ದರೆ ಆಮೇಲೆ ಸೇರಿಸುವುದು ಬಲು ಕಷ್ಟ, ದುಬಾರಿ ಕೂಡ. 2017ರ ಕೇಂದ್ರ ಅಧಿಸೂಚನೆಯು ಮಹಾನಗರಗಳಿಗೆ ಬಿಒಡಿಯ ಮಿತಿಯನ್ನು ಲೀಟರಿಗೆ 20 ಮಿಲಿಗ್ರಾಂ ಎಂದು ನಿಗದಿ ಮಾಡಿ, ರಂಜಕದ ಬಗ್ಗೆ ಮೌನವಾಗಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಅದನ್ನು 10ಕ್ಕೆ ಇಳಿಸಿ, ರಂಜಕಕ್ಕೂ 1 ಮಿಲಿಗ್ರಾಂ ಮಿತಿಯನ್ನು ಸೂಚಿಸಿತು. ಹೊಸದಾಗಿ ಕಟ್ಟುವ ಯಾವ ಘಟಕವೂ ಈ ಎರಡನೆಯ ಅಳತೆಗಿಂತ ಸಡಿಲವಾಗಿರಬಾರದು. ಇಂದಿನ ಸಡಿಲಿಕೆಯು ಕಾಂಕ್ರೀಟಿನಲ್ಲಿ ಮುಂದಿನ ಮೂವತ್ತು ವರ್ಷ ಉಳಿದುಬಿಡುತ್ತದೆ.

ಈ ಒತ್ತಾಯ ಬೆಂಗಳೂರಿಗಾಗಿ ಮಾತ್ರವಲ್ಲ. ವೃಷಭಾವತಿ ನದಿಯ ನೀರು ಬಿಡದಿ ಬಳಿಯ ಬೈರಮಂಗಲ ಜಲಾಶಯವನ್ನು ಸೇರಿ, ಅಲ್ಲಿಂದ ಅರ್ಕಾವತಿಗೂ ಸಂಗಮದಲ್ಲಿ ಕಾವೇರಿಗೂ ಕೂಡಿಕೊಳ್ಳುತ್ತದೆ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಆ ಜಲಾಶಯದ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದ ರೈತರು ನೀರು ಕೆಟ್ಟಮೇಲೆ ಮೇವಿನ ಹುಲ್ಲು, ಬೇಬಿ ಕಾರ್ನ್‌ಗಳತ್ತ ಹೊರಳಬೇಕಾಯಿತು. ಆ ಹುಲ್ಲನ್ನು ಮೇಯ್ದ ಹಸುಗಳ ಹಾಲು ಮಾರಾಟಕ್ಕೆ ಹೋಗುತ್ತದೆ. ನಗರವು ನೂರು ಕಿಲೋಮೀಟರಿನಷ್ಟು ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದು, ಬಳಸಿ, ಅದರ ಸುಮಾರು ಶೇ 80ರಷ್ಟನ್ನು ಕೊಳಚೆಯಾಗಿ ಹೊರಬಿಡುವಾಗ, ಕೆಳಗಿನ ಊರುಗಳಿಗೆ ಅದು ಯಾವ ಸ್ಥಿತಿಯಲ್ಲಿ ತಲುಪಬೇಕೆಂಬುದನ್ನು ತೀರ್ಮಾನಿಸುವಲ್ಲಿ ಆ ಊರುಗಳಿಗೂ ಹಕ್ಕಿದೆ. ಬೈರಮಂಗಲದ ರೈತರನ್ನು ಕೇಳದೆ ಸಿದ್ಧವಾಗುವ ಯೋಜನಾ ವರದಿಯು ಅಪೂರ್ಣವೆಂದೇ ಹೇಳಬೇಕಾಗುತ್ತದೆ.

ಹೊಸ ಘಟಕಕ್ಕೂ ಮೀರಿದ ಒಂದು ಸಮಸ್ಯೆ ಇದೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗ ಇದೇ ಕಣಿವೆಗೆ ಇಳಿಯುತ್ತದೆ. ಲೋಹಲೇಪನದಂತಹ ಉದ್ಯಮಗಳ ತ್ಯಾಜ್ಯದಲ್ಲಿರುವ ಕ್ರೋಮಿಯಂ, ನಿಕಲ್ ಮೊದಲಾದವು ಒಳಚರಂಡಿಗೆ ಸೇರಿದರೆ ಶುದ್ಧೀಕರಣ ಮಾಡುವ ಸೂಕ್ಷ್ಮಜೀವಿಗಳೇ ಸೊರಗುತ್ತವೆ, ಅಲ್ಲದೆ ತಳದಲ್ಲಿ ಉಳಿಯುವ ಕೆಸರನ್ನು ಹೊಲಕ್ಕೆ ಗೊಬ್ಬರವಾಗಿ ಕೊಡಲಾಗದು. ಇದನ್ನು ಕಾರ್ಖಾನೆಯ ಬಾಗಿಲಲ್ಲಿಯೇ ತಡೆಯಬೇಕು, ಆ ಹೊಣೆ ಮಾಲಿನ್ಯ ನಿಯಂತ್ರಣ ಮಂಡಳಿಯದು.

ಬದಲಾವಣೆಯ ಕಾಲವೂ ಎಚ್ಚರದ ಕಾಲವೇ. ಕೊಳಚೆಯ ಹರಿವು ಒಂದು ದಿನಕ್ಕೂ ನಿಲ್ಲುವುದಿಲ್ಲವಾದ್ದರಿಂದ ಹೊಸದು ಪಕ್ಕದಲ್ಲಿ ಸಿದ್ಧವಾಗಿ ಕೆಲಸ ಹಿಡಿಯುವ ತನಕ ಹಳೆಯದನ್ನು ಒಡೆಯಬಾರದು. ಹಾಲಿಗೆ ಹೆಪ್ಪು ಹಾಕುವಂತೆ, ಚೆನ್ನಾಗಿ ನಡೆಯುತ್ತಿರುವ ಘಟಕವೊಂದರ ಜೀವಂತ ಕೆಸರನ್ನು ಹೊಸ ತೊಟ್ಟಿಗೆ ಸುರಿದರೂ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಯೂರಲು ವಾರಗಳೇ ಹಿಡಿಯುತ್ತವೆ. ಗಾಳಿಯೂದುವ ಪದ್ಧತಿಯ ಘಟಕಗಳಲ್ಲಿ ವಿದ್ಯುತ್ತಿನ ಸಿಂಹಪಾಲು ಗಾಳಿ ಊದುವ ಯಂತ್ರಗಳಿಗೇ ಬೇಕಾಗುವುದರಿಂದ, ಬಿಲ್ಲಿನ ಹಣಕ್ಕೆ ಕೈ ಬಿಗಿಹಿಡಿದರೆ ಎಷ್ಟು ಉತ್ತಮ ವಿನ್ಯಾಸವೂ ವ್ಯರ್ಥ. ಆದ್ದರಿಂದ ಕಟ್ಟುವ ಗುತ್ತಿಗೆಯಲ್ಲಿಯೇ ಹದಿನೈದು ವರ್ಷಗಳ ನಿರ್ವಹಣೆಯನ್ನೂ ಅದರ ವಿದ್ಯುತ್ ವೆಚ್ಚವನ್ನೂ ಸೇರಿಸಿ, ಹೊರಬರುವ ನೀರಿನ ಬಿಒಡಿ ಹಾಗೂ ರಂಜಕದ ಅಂಕಿಗಳು ಮಿತಿಯೊಳಗಿದ್ದ ದಿನಗಳಿಗಷ್ಟೇ ಗುತ್ತಿಗೆದಾರನಿಗೆ ಪೂರ್ಣ ಹಣ ಸಲ್ಲುವಂತೆ ಕರಾರು ಮಾಡಿಕೊಳ್ಳಬೇಕು, ಆ ಅಂಕಿಗಳನ್ನು ಬೆಂಗಳೂರು ಜಲಮಂಡಳಿಯು ಪ್ರತಿ ವಾರ ಬೈರಮಂಗಲದ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಕಳುಹಿಸಿಕೊಡಬೇಕು.