ಕಚೇರಿಗೆ ಮರಳುವ ಬೆಲೆ ತೆರುವವರು ಯಾರು?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಬೆಂಗಳೂರಿನ ಐಟಿ ಕಂಪೆನಿಗಳು ತಮ್ಮ ನೌಕರರನ್ನು ಮನೆಗೆ ಕಳುಹಿಸಿದವು. ಅನೇಕರು ತಂತಮ್ಮ ಊರು ಸೇರಿದರು. ಕೆಲಸವೇನೂ ನಿಲ್ಲಲಿಲ್ಲ. ಆದರೆ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಕಚೇರಿಗೆ ಬರಬೇಕೆಂದು ಟಿಸಿಎಸ್ ಸೂಚಿಸಿತು. 2025ರ ಮಾರ್ಚ್‌ನಿಂದ ಇನ್ಫೋಸಿಸ್ ಒಂದು ಹಂತದವರೆಗಿನ ನೌಕರರಿಗೆ ತಿಂಗಳಿಗೆ 10 ದಿನಗಳ ಹಾಜರಿಯನ್ನು ಕಡ್ಡಾಯಗೊಳಿಸಿತು. ಒಟ್ಟಿಗೆ ಕುಳಿತು ದುಡಿದರೆ ಕಿರಿಯರು ಹಿರಿಯರಿಂದ ಕಲಿಯುತ್ತಾರೆ ಎಂಬ ವಾದವನ್ನು ತಳ್ಳಿಹಾಕಲಾಗದು. ಪ್ರಶ್ನೆಯಿರುವುದು ಆ ಕಲಿಕೆಯ ವೆಚ್ಚವನ್ನು ಯಾರು ಭರಿಸಬೇಕು ಎಂಬುದರಲ್ಲಿ.

2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೇರಿತು. ದೂರದ ಬಡಾವಣೆಯಿಂದ ತಿಂಗಳಿಗೆ 22 ದಿನ ಹೋಗಿ ಬರುವವನಿಗೆ ಟಿಕೆಟ್ಟಿಗೇ 3,960 ರೂಪಾಯಿ ಬೇಕು. ಊರಿನಿಂದ ಮರಳುವವನಿಗೆ ಬಾಡಿಗೆಯೂ ಬಂತು, ಹಲವು ತಿಂಗಳ ಬಾಡಿಗೆಯಷ್ಟು ಮುಂಗಡವೂ ಬಂತು. (ಫೋನಿನಲ್ಲಿ ಖಾಲಿಯಿದ್ದ ಮನೆ, ಹೆಸರು ಹೇಳಿದೊಡನೆ ಭರ್ತಿಯಾಗುವ ವಿಸ್ಮಯವನ್ನು ನಮ್ಮ ಯುವಕರು ಬಲ್ಲರು.) ಸಂಬಳದ ಚೀಟಿಯಲ್ಲಿ ಅಂಕಿ ಬದಲಾಗದಿದ್ದರೂ ಇದು ಸಂಬಳ ಕಡಿತವಲ್ಲದೆ ಮತ್ತೇನು? ವೃದ್ಧ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಮಗ ಈಗ ಫೋನಿನಲ್ಲಿ ಮಾತ್ರ ಸಿಗುತ್ತಾನೆ. ಈ ನಷ್ಟಕ್ಕೆ ಅಂಕಿಯೇ ಇಲ್ಲ.

ಅತಿ ಹೆಚ್ಚಿನ ಬೆಲೆ ತೆರುವವಳು ತಾಯಿ. ಪದವಿ ಪಡೆದು, ಮನೆಯಲ್ಲಿದ್ದುಕೊಂಡೇ ದುಡಿಯತೊಡಗಿದ ಹೆಣ್ಣುಮಕ್ಕಳನ್ನು ಕಂಡು ನಮ್ಮ ಹಿರಿಯರು ಸಮಾಧಾನಪಟ್ಟಿದ್ದರು. ಕಚೇರಿಯ ಕರೆ ಬಂದಾಗ ಮಾತ್ರ, ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆ ಆಕೆಯ ಮುಂದೆಯೇ ಬಂದು ನಿಲ್ಲುತ್ತದೆ. ಗಂಡನನ್ನು ಯಾರೂ ಕೇಳುವುದಿಲ್ಲ. ಆಕೆ ರಾಜೀನಾಮೆ ಬರೆಯುತ್ತಾಳೆ, ಮನೆಯವರು ಅದನ್ನು ಆಕೆಯ ಸ್ವಂತ ಆಯ್ಕೆ ಎನ್ನುತ್ತಾರೆ.

ಕಾನೂನು ಇಷ್ಟು ನಿರ್ದಯವಾಗಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಲು ಬಿಡಬೇಕೆಂದೂ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ವಿಧಿಸಿತು. ಕೆಲಸದ ಸ್ವರೂಪ ಅನುಮತಿಸಿದರೆ, ಹೆರಿಗೆ ರಜೆಯ ನಂತರ ಪರಸ್ಪರ ಒಪ್ಪಿಗೆಯಿಂದ ಮನೆಯಿಂದಲೇ ದುಡಿಯುವ ಅವಕಾಶವನ್ನೂ ನೀಡಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವುಗಳನ್ನು ಉಳಿಸಿಕೊಂಡಿದೆ. ಹೀಗಿರುವಾಗ ರಾಜೀನಾಮೆ ಪತ್ರ ಬರೆಯುವುದಕ್ಕೆ ಮುನ್ನ ನಮ್ಮ ಸಹೋದರಿಯರು ಇನ್ನೊಂದು ಪತ್ರ ಬರೆಯಲಿ: ಶಿಶುಪಾಲನಾ ಕೇಂದ್ರ ಎಲ್ಲಿದೆ ಎಂದು ಕಂಪೆನಿಯನ್ನು ಲಿಖಿತವಾಗಿ ಕೇಳಲಿ. ಆ ಪತ್ರಕ್ಕೆ ಗಂಡಂದಿರೂ ಜೊತೆಯಾಗಲಿ.